ಒಡೆದದ್ದೆಂದು ಘೋಷಿಸಲಾದ ಲೋಟ

ಸೂಕೆನ್‌ಬೆಕ್ ಊರಿನಲ್ಲಿ ಟೆರ್‌ಹೋರ್ಸ್ಟ್ ಮನೆತನಕ್ಕಿರುವ ಗೌರವ ಇವತ್ತು ನಿನ್ನೆಯದಲ್ಲ. ಇಗರ್ಜಿಯ ಗೋಪುರಕ್ಕೆ ಮರದ ಚೌಕಟ್ಟು ಏರಿಸಿದವರು ಅವರು. ಅದು ವಾಲಿದಾಗ ನೆಟ್ಟಗೆ ಮಾಡಿದವರೂ ಅವರೇ. ಈ ಮನೆತನದ ಬಡಗಿ ಚಾವಣಿಯ ಮೇಲಿಂದ ಎಸೆದ ಲೋಟ ಒಡೆಯದೆ ಉಳಿದದ್ದಿಲ್ಲ ಎಂಬುದನ್ನು ಶ್ರೀಮತಿ ವಾಲ್‌ಬುರ್ಗಾ ಟೆರ್‌ಹೋರ್ಸ್ಟ್ ಅವರು, ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯಂತೆ, ಒಂದಕ್ಷರ ತಪ್ಪದೆ ಹೇಳುತ್ತಿದ್ದರು.

ಪದ್ಧತಿ ಸರಳವಾದದ್ದು. ಹೊಸ ಮನೆಯ ಚಾವಣಿಗೆ ಮರದ ಚೌಕಟ್ಟು ನಿಂತ ದಿನ ಬಡಗಿ ಮೇಲೇರಿ, ಮನೆಗೆ ಒಳಿತು ಕೋರಿ, ಶ್ನಾಪ್ಸ್ ಎಂಬ ಮದ್ಯ ಕುಡಿದು, ಖಾಲಿ ಲೋಟವನ್ನು ಕೆಳಗೆಸೆಯಬೇಕು. ಒಡೆದರೆ ಶುಭ. ತರಬೇತಿ ಮುಗಿಸಿದವರು ತಮ್ಮ ಮೊದಲ ಲೋಟ ಒಡೆದ ಮೇಲಷ್ಟೇ ಪೂರ್ಣ ಬಡಗಿಗಳು ಎಂಬುದು ಊರಿನ ಬಡಗಿಗಳ ಸಂಘದ ನಿಯಮ. ಆ ವಸಂತದಲ್ಲಿ ಸರದಿ ವಾಲ್‌ಬುರ್ಗಾ ಅವರ ಮೊಮ್ಮಗಳು ಹೆಡ್ವಿಗ್‌ಳದು. ಸೋಮವಾರ ಅವಳು ಪೂರ್ಣ ಬಡಗಿಯಾಗಿ ಕೆಲಸಕ್ಕೆ ಸೇರಬೇಕಿತ್ತು.

ಲೋಟ ಎಸೆಯುವ ಹಿಂದಿನ ದಿನ ಸುರಕ್ಷತಾ ಕಚೇರಿಯಿಂದ ಪ್ರಕಟಣೆ ಬಂತು: "ಎತ್ತರದಿಂದ ಎಸೆಯಲಾಗುವ ಗಾಜಿನ ವಸ್ತುಗಳು ಒಡೆಯದಂತೆ ಕೆಳಗೆ ದಪ್ಪ ರಬ್ಬರ್ ಹಾಸು ಹಾಕತಕ್ಕದ್ದು. ಪದ್ಧತಿಗೆ ಯಾವ ಅಡ್ಡಿಯೂ ಇರುವುದಿಲ್ಲ."

ಹಾಸು ಹಾಕಲಾಯಿತು. ಹೆಡ್ವಿಗ್ ಎಸೆದಳು. ಲೋಟ ಪುಟಿದು, ಸಂಘದ ಅಧ್ಯಕ್ಷರಾದ ಓಟ್ಮಾರ್ ಬ್ರೂಗಮನ್ ಅವರ ಬೂಟಿನ ಪಕ್ಕದಲ್ಲಿ ನೆಟ್ಟಗೆ ನಿಂತಿತು.

"ಏನ್ ಹೆಡ್ವಿಗ್, ಇನ್ನೊಂದ್ ಸಲ ತುಂಬಿಸ್ಬೇಕಾ? ಲೋಟ ಕಾಯ್ತಾ ನಿಂತಿದೆ," ಎಂದು ಕೆಳಗಿಂದ ಒಬ್ಬ ಬಡಗಿ ಕೂಗಿದ.

"ನೀನು ಮೇಲ್ ಬಾ, ನಿನ್ನನ್ನೇ ಎಸೀತೀನಿ. ಒಡೀತೀಯೋ ಪುಟೀತೀಯೋ ನೋಡೋಣ."

ಅವಳು ಬಡಗಿಯಲ್ಲವೆಂದು ಸಂಘ ಆ ಸಂಜೆಯೇ ತೀರ್ಮಾನಿಸಿತು. ಮರುದಿನ ವಾಲ್‌ಬುರ್ಗಾ ಅವರು ಕೈಗವಸು ತೊಟ್ಟು ಸಂಘದ ಕಚೇರಿಗೆ ಹೋದರು. ಸುರಕ್ಷತಾ ಅಧಿಕಾರಿ ಫೆಲ್ಡ್‌ಹೌಸ್ ಅವರೂ ಅಲ್ಲಿ ಕುಳಿತಿದ್ದರು.

"ಅವಳು ಕಟ್ಟಿದ ಚಾವಣಿಯಲ್ಲಿ ದೋಷವಿದೆಯೇ?"

"ಕೂದಲೆಳೆಯಷ್ಟೂ ಇಲ್ಲಮ್ಮಾ," ಎಂದರು ಬ್ರೂಗಮನ್. "ಆದ್ರೆ ನಿಯಮದಲ್ಲಿ ಚಾವಣಿ ವಿಷ್ಯ ಇಲ್ಲ. ಲೋಟದ್ದಿದೆ."

"ಹಾಗಾದರೆ ಹಾಸು ತೆಗೆಸಿ. ಮತ್ತೆ ಎಸೆಯಲಿ."

"ಲೋಟ ಒಡೆಯೋದಕ್ಕೆ ನಮ್ಮ ವಿರೋಧ ಇಲ್ಲ," ಎಂದರು ಫೆಲ್ಡ್‌ಹೌಸ್. "ಚೂರಾಗ್ಬಾರ್ದು, ಅಷ್ಟೆ."

ವಾಲ್‌ಬುರ್ಗಾ ಅವರು ಏಳಲಿಲ್ಲ. ಕಚೇರಿ ಮುಚ್ಚುವ ಹೊತ್ತಿಗೂ ಅವರು ಅದೇ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದುದರಿಂದ ಜಂಟಿ ನಿರ್ಣಯವೊಂದು ಹೊರಬಿತ್ತು: "ಹಾಸು ಇಲ್ಲದಿದ್ದಲ್ಲಿ ಒಡೆಯುತ್ತಿತ್ತು ಎಂಬುದನ್ನು ಪರಿಗಣಿಸಿ ಸದರಿ ಲೋಟವನ್ನು ಒಡೆದದ್ದೆಂದು ಘೋಷಿಸಲಾಗಿದೆ. ಇನ್ನು ಮುಂದೆ ಅದನ್ನು ಯಾರೂ ಲೋಟವೆಂದು ಕರೆಯಕೂಡದು, ಚೂರುಗಳು ಎನ್ನತಕ್ಕದ್ದು." ವಾಲ್‌ಬುರ್ಗಾ ಅವರು ಅದರಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿ, ಮನೆತನದ ಹಿರಿಯರಾಗಿ ಸಹಿ ಹಾಕಿದರು.

ಭಾನುವಾರ ಪ್ರಮಾಣಪತ್ರದ ಸಮಾರಂಭ ಅವರ ಮನೆಯ ಹಜಾರದಲ್ಲೇ ನಡೆಯಿತು. ಬ್ರೂಗಮನ್ ಅವರು ಚೂರುಗಳನ್ನು ಮಖಮಲ್ಲಿನಲ್ಲಿ ಸುತ್ತಿ ತಂದಿದ್ದರು. ಹೆಡ್ವಿಗ್‌ಳ ಕೈಗೆ ಪ್ರಮಾಣಪತ್ರ ಕೊಟ್ಟು, ಚೂರುಗಳಿಗೆ ಅಂಚಿನವರೆಗೆ ಶ್ನಾಪ್ಸ್ ಸುರಿದು ಮೇಲೆತ್ತಿ, "ನಮ್ಮ ಹೊಸ ಬಡಗಿಯ ಆರೋಗ್ಯಕ್ಕೆ" ಎಂದು ಒಂದು ಗುಟುಕು ಹೀರಿದರು. ಅಷ್ಟರಲ್ಲಿ ಕೈ ಜಾರಿತು. ಚೂರುಗಳು ಅಗ್ಗಿಷ್ಟಿಕೆಯ ಕಲ್ಲಿಗೆ ಬಡಿದು ಚೂರುಚೂರಾದವು.

ಎಲ್ಲರೂ ಫೆಲ್ಡ್‌ಹೌಸ್ ಅವರತ್ತ ನೋಡಿದರು. ಫೆಲ್ಡ್‌ಹೌಸ್ ಅವರು ಕಿಟಕಿಯತ್ತ ನೋಡಿದರು.

"ಏನೂ ಆಗಿಲ್ಲ," ಎಂದರು ಬ್ರೂಗಮನ್. "ಒಡೆದಿದ್ದು ಮತ್ತೆ ಹೇಗ್ ಒಡೆಯುತ್ತೆ?"

ಎಲ್ಲರೂ ತಲೆಯಾಡಿಸಿದರು. ಹೆಡ್ವಿಗ್ ಪೊರಕೆ ತಂದಳು.

"ಬಿಡಮ್ಮ, ಗುಡಿಸೋಕೆ ಏನಿದೆ ಇಲ್ಲಿ?" ಎಂದು ಬ್ರೂಗಮನ್ ತಡೆದರು.

ವಾಲ್‌ಬುರ್ಗಾ ಅವರು ಮಾತ್ರ ತಮ್ಮ ಅಜ್ಜಿಯ ಕಾಲದ ಜಮಖಾನೆಯ ಮೇಲೆ ಹರಡುತ್ತಿದ್ದ ಕಲೆಯನ್ನು ನೋಡುತ್ತಿದ್ದರು. "ಶ್ನಾಪ್ಸ್ ಚೆಲ್ಲಿದ್ದೀರಿ."

"ಚೂರುಗಳಲ್ಲಿ ಶ್ನಾಪ್ಸ್ ನಿಲ್ಲುತ್ತಾ ಅಮ್ಮಾ? ಇರ್ಲೇ ಇಲ್ಲ, ಚೆಲ್ಲೋದೆಲ್ಲಿಂದ ಬಂತು? ನೀವೇ ಸಹಿ ಹಾಕಿದ್ದೀರಿ."

ವಾಲ್‌ಬುರ್ಗಾ ಅವರು ಕಲೆಯಿಂದ ಕಣ್ಣೆತ್ತಿದರು. ಸಹಿ ಅವರದೇ. ಟೆರ್‌ಹೋರ್ಸ್ಟ್ ಮನೆತನದವರು ಹಾಕಿದ ಸಹಿಯಿಂದ ಹಿಂದೆ ಸರಿದವರಲ್ಲ.

"ಒಪ್ಪಿದೆ. ಅದರಲ್ಲಿ ಏನೂ ಇರಲಿಲ್ಲ," ಎಂದರು. "ಅಂದರೆ ನೀವು ನನ್ನ ಮನೆಯಲ್ಲಿ, ನನ್ನ ಮೊಮ್ಮಗಳ ಆರೋಗ್ಯಕ್ಕೆಂದು ಹೇಳಿ, ಏನನ್ನೂ ಕುಡಿಯದೆ ಕುಡಿದಂತೆ ನಟಿಸಿದ್ದೀರಿ. ಕ್ಷಮೆ ಕೇಳಿ."