ಕಪ್ತಾನನ ಬಲಗೈ

ಡಬ್ಬದೊಳಗೆ ಬಂದ ಅಂಟನ್ನೇ ಬಳಸಿದ್ದರೆ ಕಪ್ತಾನನಿಗೆ ಅವತ್ತು ಆ ಗತಿ ಬರುತ್ತಿರಲಿಲ್ಲ. ಆದರೆ ಡಬ್ಬದೊಳಗೆ ಬಂದದ್ದನ್ನು ಬಂದಂತೆಯೇ ಬಳಸುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಕಪ್ತಾನನೆಂದರೆ ಸಮುದ್ರ ಕಂಡವನೇನಲ್ಲ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಕೆರೆಯ ದೋಣಿ ಹತ್ತಿದರೂ ತಲೆ ಸುತ್ತಿ ಕೂರುವ ಆಸಾಮಿ. ಮರದ ಪುಟಾಣಿ ಹಾಯಿಹಡಗು ಕಟ್ಟುವ ಹುಚ್ಚು ಹತ್ತಿದ ಮೇಲೆ ಬೀದಿಯವರು ಇಟ್ಟ ಹೆಸರು ಅದು. ಅಂಗಡಿಯಲ್ಲಿ ಸಿಗುವ ಡಬ್ಬದಲ್ಲಿ ಹಲಗೆ, ಪಟ್ಟಿ, ಕಂಬ, ದಾರ, ಹಾಯಿಬಟ್ಟೆ, ಅಂಟು ಎಲ್ಲವೂ ಇರುತ್ತವೆ. ಚಿತ್ರ ನೋಡಿಕೊಂಡು ಜೋಡಿಸಿದರೆ ಹಡಗು. ಕಪ್ತಾನ ಮಾತ್ರ ಒಂದೊಂದನ್ನೂ ಬೆಳಕಿಗೆ ಹಿಡಿದು, "ಊಹೂಂ, ಇದನ್ನ ಸುಧಾರಿಸಬೇಕು" ಎನ್ನುತ್ತಿದ್ದ. ದಾರ ದಪ್ಪವೆಂದು ತಾನೇ ಬೇರೆ ದಾರ ಹೊಸೆದ. ಹಾಯಿ ತೀರಾ ಬೆಳ್ಳಗಿದೆಯೆಂದು ಪಕ್ಕದ ಮನೆಯ ಟೈಲರ್ ಕೈಲಿ ಬೇರೆ ಹೊಲಿಸಿ, ಹಳೆಯದಾಗಿ ಕಾಣಲೆಂದು ಚಹಾದಲ್ಲಿ ನೆನೆಸಿಟ್ಟ. ಆ ಚಹಾವನ್ನು ಅವನ ಮಾವ ಬಿಸಿ ಮಾಡಿಕೊಂಡು ಕುಡಿದು, "ಹೊಸ ಪುಡಿಯೇನಮ್ಮ? ಸ್ವಲ್ಪ ಬಟ್ಟೆ ವಾಸನೆ" ಎಂದು ಮಗಳನ್ನು ಕೇಳಿದರು. ಹಡಗನ್ನು ನಿಲ್ಲಿಸುವ ಪೀಠ ಕಳಪೆ ಮರದ್ದೆಂದು ಎಸೆದು, ಬೇರೆ ಮಾಡುತ್ತೇನೆಂದು ಹೇಳಿ, ಮರೆತೇಬಿಟ್ಟ.

ಇದೆಲ್ಲ ನಡೆದದ್ದು ಊಟದ ಮೇಜಿನ ಮೇಲೆ. ಎರಡು ವರ್ಷದಿಂದ ಮನೆಮಂದಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ಕೊನೆಗೆ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ನೋಡ್ರೀ, ಗ್ರಂಥಾಲಯದ ಕರಕುಶಲ ಪ್ರದರ್ಶನದಲ್ಲಿ ಮೊದಲನೇ ಬಹುಮಾನ ಬಂದ್ರೆ ಮೇಜು ನಿಮ್ದು, ಇನ್ನೊಂದು ಹಡಗು ಕಟ್ಕೊಳ್ಳಿ. ಬರ್ಲಿಲ್ವೋ, ಮೇಜು ನಂದು. ಆಮೇಲೆ ಈ ಮನೇಲಿ ಹಡಗಿನ ಸುದ್ದಿನೇ ಎತ್ತಬಾರ್ದು."

ಹಡಗಿಲ್ಲದ ಬಾಳು ಕಪ್ತಾನನ ಕಲ್ಪನೆಗೂ ನಿಲುಕದ್ದು.

ಪ್ರದರ್ಶನದ ದಿನ ಬೆಳಿಗ್ಗೆ ಮ್ಯಾನೇಜರಿಗೆ ಫೋನ್ ಮಾಡಿ ನರಳಿದ. "ಸರ್, ಬಲಗೈ ಹಿಡ್ಕೊಂಡ್ಬಿಟ್ಟಿದೆ. ಬೆರಳು ಬಿಡಿಸೋಕೂ ಆಗ್ತಿಲ್ಲ."

"ಅಯ್ಯೋ ಪಾಪ! ರೆಸ್ಟ್ ತಗೊಳ್ಳಿ. ಮಧ್ಯಾಹ್ನದ ಮೇಲೆ ನಾನೂ ಇರಲ್ಲ, ಒಂದು ಕಾರ್ಯಕ್ರಮ ಇದೆ."

ಫೋನಿಟ್ಟು ನೋಡುತ್ತಾನೆ, ಹಡಗಿನ ತಳದಲ್ಲಿ ಒಂದು ಪಟ್ಟಿ ಎದ್ದಿದೆ. ಡಬ್ಬದ ಅಂಟು ನೀರು ತಾಗಿದರೆ ಬಿಡುತ್ತದೆಂದು ಅದನ್ನು ಎಂದೋ ಎಸೆದಿದ್ದ. ಎರಡು ಬಗೆಯ ಅಂಟು ಬೆರೆಸಿ ತಾನೇ ಒಂದು ಸುಧಾರಿತ ಅಂಟು ಕಲಸಿ ಸೀಸೆಯಲ್ಲಿಟ್ಟಿದ್ದ. ಅದನ್ನು ಧಾರಾಳವಾಗಿ ಬಳಿದ. ಇಡಲು ಪೀಠವಿಲ್ಲವಲ್ಲ, ಹಡಗನ್ನು ಬಲ ಅಂಗೈಯಲ್ಲೇ ಕೂರಿಸಿ ಗಟ್ಟಿಯಾಗಿ ಒತ್ತಿ ಹಿಡಿದ. ಪಟ್ಟಿ ಕೂತಿತು. ಅಂಗೈಯೂ ಕೂತಿತು. ರಜೆಗೆ ಹೇಳಿದ ಸುಳ್ಳು ಅಕ್ಷರಶಃ ನಿಜವಾಯಿತು.

ಕಿರುಚಾಟ ಕೇಳಿ ಟೈಲರೂ ಮಹಡಿ ಮೇಲಿನ ನಿವೃತ್ತ ವಿಜ್ಞಾನ ಮೇಷ್ಟ್ರೂ ಓಡಿಬಂದರು.

"ಬಿಸಿನೀರಿಗೆ ಬಿಡಲ್ವೇನ್ರೀ?" ಎಂದಳು ಹೆಂಡತಿ.

"ನಾನು ಮಾಡಿರೋ ಅಂಟು ಕಣೇ ಅದು, ನೀರಿಗೆಲ್ಲ ಬಿಡೋದಲ್ಲ." ಆ ಸಂಕಟದಲ್ಲೂ ಅವನ ದನಿಯಲ್ಲಿ ಹೆಮ್ಮೆ ಇಣುಕಿತು.

ಮೇಷ್ಟ್ರು ಹಡಗು ಹಿಡಿದು ಎಳೆಯಲು ಹೋದರೆ ಟೈಲರ್ ಅಡ್ಡ ಬಂದ. "ಎಳೀಬೇಡಿ ಮೇಷ್ಟ್ರೇ! ನನ್ನ ಹಾಯಿ ಮುದುರುತ್ತೆ. ಬೇಕಾದ್ರೆ ಕೈ ಎಳೀರಿ."

"ಎಳೆಯೋದೇ ಬೇಡ," ಎಂದು ಮೇಷ್ಟ್ರು ಕನ್ನಡಕ ಏರಿಸಿದರು. "ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು. ಅದೇ ಅಂಟನ್ನ ಇನ್ನಷ್ಟು ಸುರಿದ್ರೆ ಹಳೇದು ಮೆತ್ತಗಾಗಿ ಬಿಡುತ್ತೆ."

ಹೆಂಡತಿ ಸೌಟು ಎತ್ತಿದ್ದರಿಂದ ಆ ಪ್ರಯೋಗ ಅಲ್ಲಿಗೆ ನಿಂತಿತು. ಆದರೂ ಮೇಷ್ಟ್ರು ಅಂಟಿನ ಸೀಸೆಯನ್ನು ಮೆಲ್ಲಗೆ ಜೇಬಿಗಿಳಿಸಿದರು.

ಗ್ರಂಥಾಲಯದ ಹಾಲ್ ಎರಡು ಬೀದಿಯಾಚೆ. ಕಪ್ತಾನ ಬಲಗೈ ಎತ್ತಿಕೊಂಡು ನಡೆದ, ಮೇಷ್ಟ್ರೂ ಟೈಲರೂ ಅವನ ಜೊತೆಗೆ. ತಿರುವಿನಲ್ಲಿ ಗಾಳಿ ಹಾಯಿಗೆ ತುಂಬಿ ಅವನನ್ನು ಸೀದಾ ಹಣ್ಣಿನ ಗಾಡಿಯತ್ತ ಎಳೆಯಿತು. "ಆಹಾ, ನನ್ನ ಹೊಲಿಗೆ ನೋಡಿ!" ಎಂದು ಟೈಲರ್ ಕುಣಿದ. ಕಪ್ತಾನನಿಗೆ ನೆಲದ ಮೇಲೇ ತಲೆ ಸುತ್ತಿತು.

ಹಾಲಿನ ಬಾಗಿಲಲ್ಲಿ ಜವಾನ ತಡೆದ. "ಸಾಮಾನಿಟ್ಟು ಹೊರಗೆ ಬರ್ಬೇಕು. ತೀರ್ಪುಗಾರರು ಬಂದಾಗ ಒಳಗೆ ಯಾರೂ ಇರೋ ಹಾಗಿಲ್ಲ."

ಕೈಬಿಟ್ಟು ಬರುವುದು ಹೇಗೆ? ಮೇಷ್ಟ್ರ ತಲೆ ಓಡಿತು. ಎರಡು ಮೇಜು ಕೂಡುವಲ್ಲಿ ಸಂದಿತ್ತು. ಟೈಲರ್ ಕತ್ತರಿಯಿಂದ ಮೇಲುಹಾಸನ್ನು ಸೀಳಿದ. ಕಪ್ತಾನ ಕೆಳಗೆ ನುಸುಳಿ, ಹಡಗು ಹೊತ್ತ ಕೈಯನ್ನಷ್ಟೇ ಮೇಲೆ ತೂರಿಸಿದ. ಹಡಗಿಗೆಂದು ತಂದಿದ್ದ ವಾರ್ನಿಷನ್ನು ಕೈಗೂ ಬಳಿದದ್ದಾಯಿತು. ನೋಡಿದವರಿಗೆ ಅದು ಮರದಲ್ಲಿ ಕೆತ್ತಿದ ಪೀಠ. ಹೊರಡುವ ಮುನ್ನ ಮೇಷ್ಟ್ರು ಮನಸ್ಸು ತಡೆಯಲಾರದೆ ಸೀಸೆ ತೆಗೆದು, "ಮುಳ್ಳಿಗೆ ಮುಳ್ಳು" ಎಂದು ಗೊಣಗಿ, ಉಳಿದ ಅಂಟನ್ನೆಲ್ಲ ಅಂಗೈ ಸಂದಿಗೆ ಸುರಿದು ಹೋದರು.

ಸ್ವಲ್ಪ ಹೊತ್ತಿಗೆ ಬೂಟಿನ ಸದ್ದು ಹತ್ತಿರವಾಯಿತು. ತೀರ್ಪುಗಾರರ ದನಿ ಕೇಳಿ ಮೇಜಿನ ಕೆಳಗಿದ್ದ ಕಪ್ತಾನನ ಜೀವವೇ ಹಾರಿತು. ಅವನ ಮ್ಯಾನೇಜರು!

"ಹಡಗು ಸುಮಾರಾಗಿದೆ. ಹಾಯಿ ನೋಡಿ, ಚಹಾ ಚೆಲ್ಲಿದ ಹಾಗಿದೆ. ಆದ್ರೆ ಈ ಕೈ! ಏನ್ರೀ ಇದು! ರೇಖೆ, ಉಗುರು, ಬೆರಳಿನ ಮೇಲಿನ ಶಾಯಿ ಕಲೆ ಕೂಡ ಬಿಟ್ಟಿಲ್ಲ. ಮುಟ್ಟಿದ್ರೆ ಬೆಚ್ಚಗಿದೆ!"

"ಒಳ್ಳೆ ಮರ ಹಾಗೇ ಸರ್," ಎಂದ ಜವಾನ, ಎಲ್ಲ ಬಲ್ಲವನಂತೆ.

"ಮೊದಲನೇ ಬಹುಮಾನ ಇದಕ್ಕೇ!"

ಮೇಜಿನಡಿ ಕಪ್ತಾನನ ಕಣ್ಣಲ್ಲಿ ನೀರಾಡಿತು. ಕೈಗಾದರೇನು, ಹಡಗಿಗಾದರೇನು, ಮೇಜು ಉಳಿಯಿತಲ್ಲ! ಮುಂದಿನ ಹಡಗಿಗೆ ಮೂರು ಕಂಬವೋ ನಾಲ್ಕೋ ಎಂದು ಯೋಚಿಸುತ್ತಿರುವಾಗಲೇ ಮ್ಯಾನೇಜರ ಮುಂದಿನ ಮಾತು ಕಿವಿಗೆ ಬಿತ್ತು.

"ಗಾಜಿನ ಪೆಟ್ಟಿಗೇಲಿ ಇಡೋಣ. ಹಡಗು ಬೇಡ, ಕೈ ಒಂದೇ ಸಾಕು. ಗರಗಸ ತಗೊಂಡ್ಬಾರಪ್ಪ, ಈ ಮಣಿಕಟ್ಟಿನ ಹತ್ರ ಕೊಯ್ದುಬಿಡು."

"ಬೇಡಾ ಸರ್!" ಎಂದು ಕಪ್ತಾನ ಎದ್ದ ರಭಸಕ್ಕೆ ಎರಡೂ ಮೇಜು ಮಗುಚಿದವು. ಮುಳ್ಳು ಮುಳ್ಳನ್ನು ತೆಗೆದೇಬಿಟ್ಟಿತ್ತು. ಹಡಗು ಅಂಗೈಯಿಂದ ಚಿಮ್ಮಿ ಗೋಡೆಗೆ ಬಡಿದು ಮತ್ತೆ ಡಬ್ಬದಲ್ಲಿ ಬಂದಂತೆ ಬಿಡಿಬಿಡಿಯಾಯಿತು.

ಜವಾನ ಗರಗಸ ಬಿಟ್ಟು ಓಡಿದ. ಮ್ಯಾನೇಜರು ಸುಧಾರಿಸಿಕೊಂಡು, ಕಪ್ತಾನ ಬಿಕ್ಕುತ್ತಾ ಹೇಳಿದ ಕತೆಯನ್ನೆಲ್ಲ ಕೇಳಿದರು. ಬೈಗುಳಕ್ಕೆ ಅವನು ತಲೆ ತಗ್ಗಿಸಿದ್ದರೆ, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕೈ ಮರದ್ದಲ್ಲ, ಹಡಗು ಹಡಗಾಗಿ ಉಳಿದಿಲ್ಲ. ಬಹುಮಾನ ಹೇಗ್ರೀ ಕೊಡ್ಲಿ? ಆದ್ರೂ ಒಂದು ಕಲೆಗೋಸ್ಕರ ಇಷ್ಟು ಕಷ್ಟಪಟ್ಟೋರನ್ನ ನಾನು ನೋಡಿಲ್ಲ. ಶಭಾಷ್!" ಎಂದು ಅವನ ಬಲಗೈಯನ್ನು ತಮ್ಮ ಬಲಗೈಯಲ್ಲಿ ಹಿಡಿದು ಗಟ್ಟಿಯಾಗಿ ಕುಲುಕಿದರು.

ಸೀಸೆಯ ಅಂಟಷ್ಟೂ ಆ ಅಂಗೈಯಲ್ಲೇ ಇತ್ತು.

ಸಂಜೆ ಹೆಂಡತಿ ಬಾಗಿಲು ತೆಗೆದಾಗ ಇಬ್ಬರು ಗಂಡಸರು ಕೈ ಕೈ ಹಿಡಿದು ನಿಂತಿದ್ದರು.

"ಬಹುಮಾನ?"

"ಬರ್ಲಿಲ್ಲ ಕಣೇ."

"ಇವರು?"

"ನಮ್ಮ ಮ್ಯಾನೇಜರು."

ಅವಳು ಇಬ್ಬರ ಕೈಯನ್ನೂ ನೋಡಿದಳು. ಹಲಗೆ ಚೂರು, ದಾರದ ಉಂಡೆ, ಉಜ್ಜುಕಾಗದ ಎಲ್ಲವನ್ನೂ ಬುಟ್ಟಿಗೆ ಗುಡಿಸಿ, ಎರಡು ವರ್ಷದ ಮೇಲೆ ತನ್ನ ಮೇಜನ್ನು ಮನಸಾರೆ ಒರೆಸಿದಳು. ಎರಡು ತಟ್ಟೆ ಹಾಕಿ, "ಕೂತ್ಕೊಳ್ಳಿ, ಜಾಗ ಬೇಕಾದಷ್ಟಿದೆ" ಎಂದಳು.

ಮ್ಯಾನೇಜರು ಎಡಗೈಯಲ್ಲಿ ಚಮಚ ಹಿಡಿದು ಹೇಗೋ ನಾಲ್ಕು ತುತ್ತು ತಿಂದರು. ಆಮೇಲೆ ಕೇಳಿದರು: "ನಾಳೆನಾದ್ರೂ ಆಫೀಸಿಗೆ ಸರಿಯಾದ ಹೊತ್ತಿಗೆ ಬರ್ತೀರಾ?"

"ನೀವು ಎಷ್ಟು ಹೊತ್ತಿಗೆ ಬರ್ತೀರೋ ಅಷ್ಟು ಹೊತ್ತಿಗೇ ಸರ್," ಎಂದ ಕಪ್ತಾನ.