ಒಂದೇ ಕೂಗಿನ ದಾಲ್

ಪಂಜಾಬಿನ ನಮ್ಮ ಕಿಕ್ಕರ್‌ವಾಲ್ ಗುರುದ್ವಾರದ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಉಚಿತವಾಗಿ ಉಣಬಡಿಸುವ ಊಟದ ಮನೆಯಲ್ಲಿ, ಬಡಿಸುವ ದಾಲ್ ಸಸ್ಯಾಹಾರವೇ, ಅಲ್ಲವೇ ಎಂಬುದು ಹೋದ ವರ್ಷದ ಫಾಲ್ಗುಣದಿಂದ ವ್ಯವಸ್ಥಾಪಕ ಸಮಿತಿಯ ಪರಿಶೀಲನೆಯಲ್ಲಿದೆ. ಅದಕ್ಕೆ ಮೊದಲು ಅದು ದಾಲ್ ಆಗಿತ್ತು.

ಲಂಗರಿನಲ್ಲಿ ಮಾಂಸ ಮಾಡುವುದಿಲ್ಲ. ಯಾರು ಬಂದರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು, ಯಾರಿಗೂ ಅಡ್ಡಿಯಾಗಬಾರದು ಎಂಬುದು ಅದಕ್ಕೆ ಕಾರಣ. ಇದರಲ್ಲಿ ನಮ್ಮ ಊರಿನಲ್ಲಿ ಭಿನ್ನಾಭಿಪ್ರಾಯವಿಲ್ಲ. ಇರುವುದು ಮನೆಯ ಊಟದ ಬಗ್ಗೆ. ಒಂದು ಪಕ್ಷದ ಪ್ರಕಾರ ಸಿಖ್ಖನು ಮಾಂಸ ಮುಟ್ಟಬಾರದು. ಇನ್ನೊಂದು ಪಕ್ಷದ ಪ್ರಕಾರ ಮುಟ್ಟಬಹುದು, ಆದರೆ ಪ್ರಾಣಿಯನ್ನು ಒಂದೇ ಏಟಿಗೆ ಕಡಿದಿರಬೇಕು. ಅದಕ್ಕೆ ಝಟ್ಕಾ ಎಂದು ಹೆಸರು. ನಿಧಾನವಾಗಿ ಕೊಂದದ್ದು ನಿಷಿದ್ಧ. ಮಾಂಸದ ಬಗ್ಗೆ ಜಗಳವಾಡುವವರು ಮೂರ್ಖರು ಎಂದು ಹಿರಿಯರು ಹೇಳಿದ ಮಾತೊಂದಿದೆ. ಅದು ಎದುರು ಪಕ್ಷವನ್ನು ಕುರಿತು ಹೇಳಿದ್ದು ಎಂದು ಎರಡೂ ಪಕ್ಷಗಳು ಒಪ್ಪುತ್ತವೆ.

ಮೊದಲ ಪಕ್ಷದ ನಾಯಕರು ಸಮಿತಿಯ ಪ್ರಧಾನ್ ಉಜಾಗರ್ ಸಿಂಗ್. ಸುತ್ತಮುತ್ತಲಲ್ಲೇ ದೊಡ್ಡ ಕೋಳಿ ಫಾರಂ ಅವರದು. "ನಾನು ಮಾರ್ತೀನಿ ಅಷ್ಟೇ, ತಿನ್ನಲ್ಲ" ಎನ್ನುತ್ತಾರೆ. ಎರಡನೆಯ ಪಕ್ಷದ ನಾಯಕರು ಉಪಪ್ರಧಾನ್ ಕರೋಡಾ ಸಿಂಗ್. ಕಾಲಿನ ಹೆಬ್ಬೆರಳು ಊದುವ ಕಾಯಿಲೆಯಿಂದ ಡಾಕ್ಟರು ಅವರಿಗೆ ಮಾಂಸ ಬಿಡಿಸಿದ್ದಾರೆ. "ತಿನ್ನೋದು ಬಿಟ್ಟಿದ್ದೀನಿ, ತಿನ್ನೋ ಹಕ್ಕು ಬಿಟ್ಟಿಲ್ಲ" ಎನ್ನುತ್ತಾರೆ. ಗುರುದ್ವಾರದಲ್ಲಿ ಪವಿತ್ರ ಗ್ರಂಥ ಓದುವ ಗ್ರಂಥಿಗಳು ಸಮಿತಿಯ ಸಭೆಗಳಿಗೆ ಬರುವುದಿಲ್ಲ. ತಮಗೆ ಪಾರಾಯಣವಿದೆ ಎಂದು ಹೇಳಿ ಒಳಗೆ ಹೋಗುತ್ತಾರೆ.

ವಿಷಯ ಪರಿಶೀಲನೆಗೆ ಬಂದದ್ದು ಒಂದು ಮದುವೆಯಿಂದ.

ಬಸ್ ನಿಲ್ದಾಣದ ಎದುರು ತಂದೂರಿ ಕೋಳಿಯ ಅಂಗಡಿ ಇಟ್ಟಿರುವ ಮಗ್ಗರ್ ಸಿಂಗ್ ಅವರ ಮಗಳು ನವ್‌ರೂಪ್‌ಗೆ ಮೋಗಾ ಕಡೆಯ ಹುಡುಗನೊಂದಿಗೆ ಸಂಬಂಧ ಕೂಡಿತ್ತು. ಹುಡುಗನ ಮನೆಯವರು ಈರುಳ್ಳಿಯನ್ನೂ ಯೋಚಿಸಿ ತಿನ್ನುವವರು. ಆದರೂ ತಕರಾರು ಮಾಡಲಿಲ್ಲ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದರು. ವೈಶಾಖದ ಎರಡನೆಯ ಭಾನುವಾರ ಗುರುದ್ವಾರದಲ್ಲಿ ಮದುವೆ, ಲಂಗರಿನಲ್ಲಿ ಊಟ ಎಂದು ನಿಶ್ಚಯವಾಯಿತು.

ಹುಡುಗನ ಸೋದರತ್ತೆಯ ಗಂಡ ಗಜ್ಜನ್ ಸಿಂಗ್. ಮದುವೆಯಲ್ಲಿ ಸೋದರತ್ತೆಯ ಗಂಡ ಮುನಿಸಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಕುರ್ಚಿ ಕೊಡಲಿಲ್ಲ, ಹಾರ ಸಣ್ಣದಾಯಿತು, ಚಹಾ ತಣ್ಣಗಿತ್ತು, ಹೀಗೆ ಯಾವುದಾದರೂ ಕಾರಣ ಸಾಕು. ಆತ ಮುನಿಯದಿದ್ದರೆ ಮದುವೆಯಲ್ಲಿ ಏನೋ ಲೋಪವಾಗಿದೆ ಎಂದು ಹಿರಿಯರು ಕಳವಳಪಡುತ್ತಾರೆ. ಗಜ್ಜನ್ ಸಿಂಗ್ ಈ ಕರ್ತವ್ಯವನ್ನು ಬೇಗನೇ ಶುರುಮಾಡಿದರು. ಸಂಬಂಧ ಕೂಡಿದಾಗ ಕಳಿಸಿದ್ದ ಲಡ್ಡುವಿನ ಡಬ್ಬಿ ಹಿಂದಕ್ಕೆ ತಂದು ಮಗ್ಗರ್ ಸಿಂಗ್ ಅವರ ಮಂಚದ ಮೇಲಿಟ್ಟರು.

"ನಿಮ್ಮ ಕೈ ಕೋಳಿ ಕೈ. ಆ ಕೈಯಲ್ಲೇ ಲಂಗರಿನ ಸೌಟು ಹಿಡೀತೀರಂತೆ."

"ಸೇವೆ ಮಾಡ್ತೀನಿ ಜೀ. ಕೈ ತೊಳ್ಕೊಂಡೇ ಮಾಡ್ತೀನಿ."

"ಎಷ್ಟು ತೊಳೆದ್ರೂ ಅದೇ ಕೈ ಅಲ್ವಾ? ದಾಲ್ ಶುದ್ಧ ಅಂತ ನಿಮ್ಮ ಸಮಿತಿ ಬರೆದು ಕೊಡ್ಲಿ. ಕೊಡದಿದ್ರೆ ದಿಬ್ಬಣ ಬರಲ್ಲ."

ಮಗ್ಗರ್ ಸಿಂಗ್ ಸಮಿತಿಗೆ ಕೈ ಮುಗಿದರು. ಒಂದು ವಾಕ್ಯದ ಕೆಲಸ. ಉಜಾಗರ್ ಸಿಂಗ್ ಅಲ್ಲೇ ಪೆನ್ನು ತೆಗೆದರು: ದಾಲ್‌ನಲ್ಲಿ ಮಾಂಸವಿಲ್ಲ, ಆದ್ದರಿಂದ ಅದು ಶುದ್ಧ.

"ನಿಲ್ಲಿ ಪ್ರಧಾನ್‌ಜಿ," ಎಂದರು ಕರೋಡಾ ಸಿಂಗ್. "ಮಾಂಸ ಇಲ್ಲ, ಆದ್ದರಿಂದ ಶುದ್ಧ. ಹಂಗಂದ್ರೆ ಮಾಂಸ ಅಶುದ್ಧ ಅಂತ ಬರೆದ ಹಾಗಾಯ್ತು. ಇದಕ್ಕೆ ನನ್ನ ಸಹಿ ಬೀಳಲ್ಲ."

"ಹಾಗಾದ್ರೆ 'ಮಾಂಸವಿಲ್ಲ' ಅಂತ ಅಷ್ಟೇ ಬರೀತೀನಿ."

"ಮಾಂಸ ಅಂದ್ರೆ ಏನು ಅಂತ ಮೊದಲು ಬರೀರಿ. ಏನು ಅಂತಲೇ ಗೊತ್ತಿಲ್ಲದ್ದು ಇಲ್ಲ ಅಂತ ಹೆಂಗೆ ಹೇಳ್ತೀರಿ?"

"ಜೀವ ಇದ್ದದ್ದು ಮಾಂಸ."

"ಮೊಟ್ಟೆ?"

"ಮೊಟ್ಟೆ ನನ್ನ ಸ್ವಂತ ವ್ಯವಹಾರ. ಸಭೆಗೆ ತರಬೇಡಿ."

ಮೊಟ್ಟೆಯನ್ನು ಕೈಬಿಡಲಾಯಿತು. ಮಾಂಸ ಎಂದರೆ ಏನು ಎಂಬುದನ್ನು ನಿರ್ಧರಿಸಲು ಉಪಸಮಿತಿಯೊಂದನ್ನು ರಚಿಸಲಾಯಿತು. ಜೀವದ ಪ್ರಶ್ನೆ ಇದ್ದುದರಿಂದ ವಿಜ್ಞಾನ ಬಲ್ಲ ಸದಸ್ಯ ಬೇಕಾಯಿತು. ನಾನು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ನನ್ನನ್ನು ಕರೆಸಿದರು.

"ಮಗಾ, ನಮ್ಮ ದಾಲಿನ ಉದ್ದಿನ ಕಾಳಿಗೆ ಜೀವ ಇದೆಯಾ?" ಎಂದು ಕೇಳಿದರು ಉಜಾಗರ್ ಸಿಂಗ್. ಇಲ್ಲ ಎಂಬ ಉತ್ತರಕ್ಕಾಗಿ ಅವರ ಪೆನ್ನು ತೆರೆದೇ ಇತ್ತು.

ಪರೀಕ್ಷಿಸಿ ಹೇಳುವೆ ಎಂದೆ. ಲಂಗರಿನ ಚೀಲದಿಂದ ಒಂದು ಹಿಡಿ ಇಡೀ ಉದ್ದನ್ನು ತೆಗೆದು ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಮುಂದಿನ ಸಭೆಯಲ್ಲಿ ಗಂಟು ಬಿಚ್ಚಿದೆ. ಕಾಳುಗಳಿಗೆ ಬಿಳಿಯ ಮೊಳಕೆ ಬಂದಿತ್ತು.

"ಜೀವ ಇದೆ," ಎಂದೆ.

ಸಭೆಯವರೆಲ್ಲ ಗಂಟಿನ ಮುಂದೆ ತಲೆ ಬಾಗಿಸಿದರು. ಶೋಕಕ್ಕೋ ಯೋಚನೆಗೋ ಗೊತ್ತಾಗಲಿಲ್ಲ. ಮೊದಲು ಮಾತಾಡಿದವರು ಕರೋಡಾ ಸಿಂಗ್.

"ಬೇಬೇ ಬಚಿಂತ್ ಕೌರ್ ಇದನ್ನ ಹೆಂಗೆ ಬೇಯಿಸ್ತಾರೆ?"

ಬಚಿಂತ್ ಕೌರ್ ಲಂಗರಿನ ಅಡುಗೆಯ ಹಿರಿಯರು, ಊರಿಗೆಲ್ಲ ಬೇಬೇ, ಅಂದರೆ ಅಮ್ಮ. ಅವರನ್ನು ಕರೆಸಲಾಯಿತು. ಸೌಟು ಹಿಡಿದೇ ಬಂದರು.

"ಹೆಂಗೆ ಅಂದ್ರೆ? ಸಂಜೆ ಬೆರಣಿ ಕಿಚ್ಚಿನ ಮೇಲೆ ಇಡ್ತೀನಿ. ಬೆಳಗಾಗೋ ತನಕ ಸಣ್ಣಗೆ ಕುದೀತಿರತ್ತೆ. ನಮ್ಮತ್ತೆನೂ ಹಂಗೇ ಮಾಡ್ತಿದ್ರು."

"ರಾತ್ರಿಯಿಡೀ! ಸಣ್ಣಗೆ!" ಕರೋಡಾ ಸಿಂಗ್ ಎದ್ದು ನಿಂತರು. "ಕೇಳಿದ್ರಾ? ಜೀವ ಇರೋದನ್ನ ಒಂದೇ ಏಟಿಗೆ ಮುಗಿಸ್ಬೇಕು. ಇದು ನಿಧಾನವಾಗಿ ಕೊಲ್ಲೋದು. ಇಷ್ಟು ವರ್ಷ ನಾವು ನಿಷಿದ್ಧ ದಾಲ್ ತಿಂದಿದ್ದೀವಿ."

"ನಾವು ಜೀವ ಇರೋದನ್ನ ತಿನ್ನೋದೇ ಇಲ್ಲ," ಎಂದರು ಉಜಾಗರ್ ಸಿಂಗ್. ಅವರ ಮುಖ ಬಾಡಿತ್ತು. ಅವರು ಆಗತಾನೇ ಎರಡು ಬಟ್ಟಲು ಉಂಡು ಬಂದಿದ್ದರು.

"ಗೋಧಿನೂ ಮೊಳೆಯತ್ತೆ," ಎಂದರು ಬಚಿಂತ್ ಕೌರ್. "ಕಡಲೆನೂ ಮೊಳೆಯತ್ತೆ. ಮೊಳೆಯದೇ ಇರೋದು ಅಂದ್ರೆ ನಿಮ್ಮಿಬ್ಬರ ತಲೆ ಒಂದೇ."

ರೊಟ್ಟಿಯ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಒಡೆದ ಬೇಳೆ ಮೊಳೆಯುವುದಿಲ್ಲ, ಅದನ್ನು ಬಳಸಬಹುದು ಎಂದು ನಾನು ಸೂಚಿಸಿದೆ. ಬೀಸುವ ಕಲ್ಲು ನಿಧಾನವಾಗಿ ತಿರುಗುತ್ತದೆ ಎಂಬ ಕಾರಣಕ್ಕೆ ಸೂಚನೆ ಬಿದ್ದುಹೋಯಿತು.

ಕೊನೆಗೆ ಪರಿಹಾರ ಸಿಕ್ಕಿದ್ದು ಕುಕ್ಕರಿನಲ್ಲಿ. ಒಂದೇ ಕೂಗಿಗೆ ಮುಗಿದರೆ ಅದು ಝಟ್ಕಾ. ಆದ್ದರಿಂದ ಕರೋಡಾ ಸಿಂಗ್ ಒಪ್ಪಿದರು. ಕಾಳಿಗೆ ನೋವು ಕಡಿಮೆ. ಆದ್ದರಿಂದ ಉಜಾಗರ್ ಸಿಂಗ್ ಒಪ್ಪಿದರು. ಎರಡು ಪಕ್ಷಗಳು ಒಂದೇ ಪಾತ್ರೆಗೆ ಒಪ್ಪಿದ್ದು ಊರಿನಲ್ಲಿ ಇದೇ ಮೊದಲು. ಭಾರಿ ಗಾತ್ರದ ಕುಕ್ಕರನ್ನು ಪ್ರಧಾನರ ಭಾವಮೈದುನನ ಅಂಗಡಿಯಿಂದ ತರಿಸಲಾಯಿತು. ಬೇರೆ ಅಂಗಡಿಗಳೂ ಇದ್ದವು, ಆದರೆ ಅವು ಪ್ರಧಾನರ ಭಾವಮೈದುನನವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಪ್ರಾರ್ಥನೆಯ ನಂತರ ಗುರುದ್ವಾರದ ಮೈಕಿನಲ್ಲಿ ಪ್ರಕಟಣೆ ಬಂತು:

"ಸಮಸ್ತ ಭಕ್ತಾದಿಗಳಿಗೆ ತಿಳಿಯಪಡಿಸುವುದೇನೆಂದರೆ, ಉದ್ದಿನ ಕಾಳಿಗೆ ಜೀವವಿರುವುದು ಸಮಿತಿಯ ಗಮನಕ್ಕೆ ಬಂದಿದೆ. ಇನ್ನು ಮುಂದೆ ದಾಲನ್ನು ಕುಕ್ಕರಿನ ಒಂದೇ ಕೂಗಿಗೆ ಮುಗಿಸತಕ್ಕದ್ದು. ಎರಡನೆಯ ಕೂಗನ್ನು ಕ್ರೌರ್ಯವೆಂದು ಪರಿಗಣಿಸಲಾಗುವುದು. ಬೆರಣಿಯ ಸಣ್ಣ ಉರಿಯಲ್ಲಿ ದಾಲ್ ಬೇಯಿಸುವುದನ್ನು ನಿಷೇಧಿಸಲಾಗಿದೆ. ಇದು ಮನೆಗಳಿಗೂ ಅನ್ವಯಿಸುತ್ತದೆ. ಮಾಂಸ ಎಂದರೆ ಏನೆಂಬುದು ಪರಿಶೀಲನೆಯಲ್ಲಿದ್ದು, ತೀರ್ಮಾನವಾಗುವವರೆಗೆ ಯಾವುದೇ ಪದಾರ್ಥವನ್ನು ಮಾಂಸ ಎಂದು ಯಾರೂ ಕರೆಯಕೂಡದು. ಊರ ಪಟೇಲರಾದ ನಂಬರ್‌ದಾರರ ಕಂದು ಎಮ್ಮೆ ಕಾಣೆಯಾಗಿದೆ, ಕಂಡವರು ಕಟ್ಟಿಹಾಕುವುದು."

ಲಂಗರಿನಲ್ಲಿ ಮೊದಲ ಕೂಗಿಗೆ ಗ್ಯಾಸ್ ಆರಿಸುವ ಸೇವೆಯನ್ನು ಕರೋಡಾ ಸಿಂಗ್ ತಾವೇ ವಹಿಸಿಕೊಂಡರು. ದಾಲಿನ ಕಾಳು ಗಟ್ಟಿಯಾಗಿಯೇ ಇತ್ತು. ಜನ ಅಗಿದರು.

ಆದರೆ ಗಜ್ಜನ್ ಸಿಂಗ್ ಕೇಳಿದ ಪತ್ರ ಸಿಗಲಿಲ್ಲ. ಮಾಂಸ ಎಂದರೆ ಏನೆಂದು ತೀರ್ಮಾನವಾಗದೆ, ದಾಲ್‌ನಲ್ಲಿ ಅದಿಲ್ಲ ಎಂದು ಬರೆಯಲು ಬರುವಂತಿರಲಿಲ್ಲ. ಭಾನುವಾರ ಹತ್ತಿರ ಬಂದಿತ್ತು. ನವ್‌ರೂಪ್ ನಮ್ಮ ಮನೆಯ ಅಂಗಳಕ್ಕೆ ಬಂದಳು. ಶಾಲೆಯಲ್ಲಿ ಅವಳೂ ನಾನೂ ಒಂದೇ ತರಗತಿ.

"ಏನೋ ವಿಜ್ಞಾನಿ, ಚೆನ್ನಾಗಿ ಮೊಳೆಸಿದೆಯಂತೆ. ಗೊತ್ತಿಲ್ಲ ಅನ್ನೋಕೆ ನಿನಗೇನು ರೋಗ?"

"ಗೊತ್ತಿತ್ತು."

"ಓದಿದವರ ಹಣೆಬರಹ. ನಾನವನನ್ನ ಒಪ್ಪಿದ್ದೀನಿ, ಅವನು ನನ್ನನ್ನ ಒಪ್ಪಿದ್ದಾನೆ, ಎರಡು ಮನೆಯವರೂ ಒಪ್ಪಿದ್ದಾರೆ. ಈಗ ಉದ್ದಿನ ಕಾಳು ಒಪ್ಪಬೇಕಾ?" ಅವಳ ಕಣ್ಣು ಕೆಂಪಾಗಿತ್ತು. "ಅಪ್ಪ ಮೂರು ದಿನದಿಂದ ತಂದೂರ್ ಹಚ್ಚಿಲ್ಲ. ಸೋಪು ಹಾಕಿ ಕೈ ಉಜ್ಜಿಕೊಳ್ತಾ ಕೂತಿದ್ದಾರೆ."

ಅವಳು ಬಾಗಿಲ ಹತ್ತಿರ ಹೋಗಿ ನಿಂತಳು.

"ಮೈಕಲ್ಲಿ ಹೇಳಿದ್ರಲ್ಲ, ತೀರ್ಮಾನ ಆಗೋವರೆಗೂ ಯಾವುದನ್ನೂ ಮಾಂಸ ಅನ್ನೋ ಹಾಗಿಲ್ಲ ಅಂತ. ಅಪ್ಪನ ಕೋಳಿನೂ ಸೇರಿ?"

ಪ್ರಕಟಣೆಯ ವಾಕ್ಯವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡೆ. "ಅದೂ ಪರಿಶೀಲನೆಯಲ್ಲಿದೆ," ಎಂದೆ.

ಅವಳು ಹೆಗಲ ಮೇಲಿನ ಚುನ್ನಿಯ ತುದಿಯಲ್ಲಿ ಮೂಗು ಒರೆಸಿಕೊಂಡು ಓಡಿದಳು.

ಶುಕ್ರವಾರ ಗಜ್ಜನ್ ಸಿಂಗ್ ಪತ್ರಕ್ಕಾಗಿ ಬಂದರು. ಸಮಿತಿ ಊಟಕ್ಕೆ ಎದ್ದಿತ್ತು. ಕಾಯಲು ಬೇರೆ ಜಾಗವಿಲ್ಲದೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತರು. ಎದುರಿಗೆ ಮಗ್ಗರ್ ಸಿಂಗ್ ಅವರ ತಂದೂರ್ ಉರಿಯುತ್ತಿತ್ತು, ಮಗಳು ಹಚ್ಚಿಸಿದ್ದಳು. ಗಾಳಿ ಬೆಂಚಿನ ಕಡೆಗೆ ಬೀಸುತ್ತಿತ್ತು. ನಾನು ಅಲ್ಲೇ ಇದ್ದೆ.

ಗಜ್ಜನ್ ಸಿಂಗ್ ಎರಡು ಸಲ ಮುಖ ತಿರುಗಿಸಿದರು. ಮೂರನೆಯ ಸಲ ಕೇಳಿದರು: "ಏನದು?"

ಮಗ್ಗರ್ ಸಿಂಗ್ ತಟ್ಟೆ ತಂದರು. ಈರುಳ್ಳಿ, ನಿಂಬೆ, ಹಸಿರು ಚಟ್ನಿ ಎಲ್ಲ ಇತ್ತು. "ಇನ್ನೂ ತೀರ್ಮಾನ ಆಗಿಲ್ಲ ಜೀ."

"ಕೋಳಿ ಥರ ಕಾಣತ್ತೆ."

"ಕಾಣತ್ತೆ. ಆದ್ರೆ ಮಾಂಸ ಅನ್ನೋ ಹಾಗಿಲ್ಲ, ಸಮಿತಿ ಆರ್ಡರು."

"ಆರ್ಡರ್ ಇದೆಯಾ?"

"ದಿನಾ ಬೆಳಿಗ್ಗೆ ಮೈಕಲ್ಲಿ ಹೇಳ್ತಾರೆ."

ಗಜ್ಜನ್ ಸಿಂಗ್ ನನ್ನ ಕಡೆ ನೋಡಿದರು. ಉಪಸಮಿತಿಯ ಸದಸ್ಯನಾಗಿ ನಾನು ತಲೆಯಾಡಿಸಿದೆ. ಅವರು ಒಂದು ತುಂಡು ಮುರಿದು, ಪರೀಕ್ಷೆಗೆಂಬಂತೆ ಬಾಯಿಗಿಟ್ಟುಕೊಂಡರು. ಒಂದು ಪರೀಕ್ಷೆಯಿಂದ ಏನೂ ಸ್ಪಷ್ಟವಾಗುವುದಿಲ್ಲ ಎಂಬುದು ವಿಜ್ಞಾನದ ನಿಯಮ. ಅವರಿಗೆ ಅದು ಗೊತ್ತಿತ್ತು. ತಟ್ಟೆ ಖಾಲಿಯಾಯಿತು. ಇನ್ನೊಂದು ತಟ್ಟೆ ಬಂತು.

ಮೀಸೆ ಒರೆಸಿಕೊಂಡು ನೇರ ಸಭೆಗೆ ಹೋದರು.

"ಪತ್ರ ಸಿದ್ಧ ಇಲ್ಲ. ಸ್ವಲ್ಪ ತಡ ಆಗ್ತಿದೆ," ಎಂದರು ಉಜಾಗರ್ ಸಿಂಗ್ ಸಂಕೋಚದಿಂದ.

"ತಡ ಆಗ್ಲಿ ಪ್ರಧಾನ್‌ಜಿ. ಇಂಥ ಗಂಭೀರ ವಿಷಯದಲ್ಲಿ ಅವಸರ ಯಾಕೆ? ಚೆನ್ನಾಗಿ ಪರಿಶೀಲಿಸಿ. ವರ್ಷಗಟ್ಟಲೆ ಪರಿಶೀಲಿಸಿ. ದಿಬ್ಬಣ ಭಾನುವಾರ ಬರತ್ತೆ."

ಉಜಾಗರ್ ಸಿಂಗ್ ಅವರಿಗೂ ಅವಸರ ಕಾಣಲಿಲ್ಲ. ತಂದೂರ್ ಮತ್ತೆ ಹತ್ತಿದ ಮೇಲೆ ಅವರ ಫಾರಮ್ಮಿನಿಂದ ಮಗ್ಗರ್ ಸಿಂಗ್ ಅವರ ಅಂಗಡಿಗೆ ಎರಡು ಟೆಂಪೊ ಹೋಗಿದ್ದವು. ಕರೋಡಾ ಸಿಂಗ್ ಡಾಕ್ಟರ ಚೀಟಿ ತೆಗೆದು ಓದಿದರು. ಅದರಲ್ಲಿ 'ಮಾಂಸ ಬೇಡ' ಎಂದಷ್ಟೇ ಬರೆದಿತ್ತು. ಅಂದು ಸಂಜೆ ಅವರೂ ಬೆಂಚಿನ ಮೇಲೆ ಕೂತಿದ್ದರು. ಅವರ ಹೆಬ್ಬೆರಳು ಊದಿತು. ಅದು ಯಾವುದರಿಂದ ಊದಿತೆಂದು ಹೇಳಲು ಬಾರದು.

ಮದುವೆ ಸಾಂಗವಾಗಿ ನಡೆಯಿತು. ಗಜ್ಜನ್ ಸಿಂಗ್ ತಮ್ಮ ಹಾರ ಸಣ್ಣದಾಯಿತೆಂದು ಮುನಿಸಿಕೊಂಡರು, ಎಲ್ಲರಿಗೂ ಸಮಾಧಾನವಾಯಿತು. ಲಂಗರಿನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಮಗ್ಗರ್ ಸಿಂಗ್ ತಮ್ಮ ಕೈಯಾರೆ ಬಡಿಸಿದರು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಜಲ್ಲಿ ರಸ್ತೆಯ ಮೇಲೆ ಟ್ರ್ಯಾಕ್ಟರ್ ಹೋದ ಶಬ್ದವಾಗುತ್ತಿತ್ತು.

"ದಾಲ್ ಹೆಂಗಿದೆ ಮದುಮಗಳೇ?" ಎಂದು ಕೇಳಿದರು ಬಚಿಂತ್ ಕೌರ್.

"ಇನ್ನೂ ಜೀವ ಇದೆ ಬೇಬೇ," ಎಂದಳು ನವ್‌ರೂಪ್.

ಈಗ ವರ್ಷವಾಯಿತು. ಉಪಸಮಿತಿಯ ಅವಧಿಯನ್ನು ಮತ್ತೆ ವಿಸ್ತರಿಸಲಾಗಿದೆ. ಎಮ್ಮೆ ಸಿಕ್ಕಿದೆ. ಬಸ್ ನಿಲ್ದಾಣದಲ್ಲಿ ಮಗ್ಗರ್ ಸಿಂಗ್ ಅವರ ಅಂಗಡಿ ಎರಡಾಗಿದೆ. ಎರಡೂ ಪಕ್ಷದವರು ಹಗಲಲ್ಲೇ, ಬೀದಿಗೆ ಮುಖ ಮಾಡಿ ಕೂತು ತಿನ್ನುತ್ತಾರೆ. ಬುಧವಾರದಂದು ಮೋಗಾದಿಂದ ಹಲ್ಲಿನ ಡಾಕ್ಟರು ಬರುತ್ತಾರೆ. ಅವರೂ ಪ್ರಧಾನರ ಕಡೆಯವರೇ.

ಬಚಿಂತ್ ಕೌರ್ ಅವರ ಮನೆಯ ಹಿತ್ತಲಿಂದ ಆಗಾಗ ಸಣ್ಣಗೆ ಹೊಗೆ ಏಳುತ್ತದೆ. ಬೆರಣಿಯ ಹೊಗೆ. ಅದರ ಬಗ್ಗೆ ಊರಿನಲ್ಲಿ ಯಾರೂ ಮಾತಾಡುವುದಿಲ್ಲ. ಕಳೆದ ತಿಂಗಳು ನವ್‌ರೂಪ್ ಗಂಡನೊಂದಿಗೆ ತವರಿಗೆ ಬಂದಿದ್ದಳು. ನನ್ನನ್ನೂ ಕರೆದುಕೊಂಡು ಬೇಬೇಯ ಮನೆಯ ಹಿತ್ತಲ ಬಾಗಿಲಿಂದ ಒಳಗೆ ಹೋದಳು. ಒಳಗೆ ಆಗಲೇ ಗಜ್ಜನ್ ಸಿಂಗ್ ಕೂತಿದ್ದರು. ಅವರ ಆಚೆ ಉಜಾಗರ್ ಸಿಂಗ್. ಅವರ ಆಚೆ, ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು, ಕರೋಡಾ ಸಿಂಗ್. ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು, ತಲೆ ತಗ್ಗಿಸಿಕೊಂಡು ದಾಲ್ ಉಣ್ಣುತ್ತಿದ್ದರು. ಅದು ಬೆಣ್ಣೆಯ ಹಾಗೆ ಬೆಂದಿತ್ತು.

ನಮ್ಮನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

"ಬಾಗಿಲು ಹಾಕ್ಕೊಂಡು ಬನ್ನಿ," ಎಂದರು ಬಚಿಂತ್ ಕೌರ್. "ಯಾರಾದ್ರೂ ನೋಡಿದ್ರೆ ಏನಂದುಕೊಂಡಾರು."