ಕ್ರಾಂತಿಕುಮಾರರ ಸಕ್ಕರಿಪುಡಾ

ಜಹೀರಾಬಾದಿನ ಮಿಠಾಯಿ ಅಂಗಡಿಯವನು ಅವತ್ತು ಸೋದರಳಿಯನ ಮದುವೆಗೆಂದು ಬಾಗಿಲು ಹಾಕಿಕೊಂಡು ಹೋಗದಿದ್ದರೆ ಕ್ರಾಂತಿಕುಮಾರರ ಸಂಸಾರಕ್ಕೆ ಏನೂ ಆಗುತ್ತಿರಲಿಲ್ಲ. ಎಂದಿನಂತೆ ಪೇಡೆ ಕಟ್ಟಿಸಿಕೊಂಡು ಹೋಗುತ್ತಿದ್ದರು, ಎಂದಿನಂತೆ ಬರಿಗೈಲಿ ವಾಪಸು ಬರುತ್ತಿದ್ದರು.

ಕ್ರಾಂತಿಕುಮಾರರು ವಿಶ್ವವಿದ್ಯಾಲಯದ ಗಡಿಭಾಗದ ಪ್ರವೇಶಾಧಿಕಾರಿ. ಹೆಸರು ಕೇಳಿದರೆ ಕುರ್ಚಿಯಲ್ಲಿ ಕುಳಿತು ಬಂದವರನ್ನು ಒಳಗೆ ಬಿಡುವ ಕೆಲಸ ಅನ್ನಿಸುತ್ತದೆ. ಬರುವವರೇ ಇಲ್ಲದ ಸೀಮೆಯಲ್ಲಿ ಮನೆಮನೆಗೆ ಹೋಗಿ ಎಬ್ಬಿಸಿ ತರುವುದೂ ಅವರದೇ ಕೆಲಸ. ಕೂಲಿಗೆ ಹೋಗುವವರಿಗೆ ಸಂಜೆ ತರಗತಿ, ಹೆಣ್ಣುಮಕ್ಕಳಿಗೆ ಬಸ್ ಪಾಸು, ಕನ್ನಡದಲ್ಲಿ ಓದಿದವರಿಗೆ ಕನ್ನಡದಲ್ಲೇ ಪರೀಕ್ಷೆ, ಇದೆಲ್ಲ ಅವರು ಹೈದರಾಬಾದಿನ ದೊಡ್ಡ ಸಾಹೇಬರ ಬೆನ್ನು ಬಿದ್ದು ಮಾಡಿಸಿದ್ದು. 'ಬಡವರ ಮಕ್ಕಳಿಗೆ ಬಾಗಿಲು ತೆರೆದವರು' ಎಂದು ಸಾಹೇಬರೇ ಒಮ್ಮೆ ಶಾಲು ಹೊದಿಸಿ ಹೊಗಳಿದ್ದರು. ಹಾಗೆ ಊರ ಬಾಗಿಲೆಲ್ಲ ತೆರೆಯುತ್ತ ತಿರುಗಿದವರಿಗೆ ತಾಂಡೂರಿನ ಸ್ವಂತ ಮನೆಯ ಬಾಗಿಲು ಕಾಣುತ್ತಿದ್ದದ್ದು ತಿಂಗಳಿಗೆ ಒಂದೋ ಎರಡೋ ಸಲ. ಹೆಂಡತಿ ಯಶೋಧಾ, ಇಬ್ಬರು ಹೆಣ್ಣುಮಕ್ಕಳು ಅಲ್ಲಿ. ಇವರು ಜಹೀರಾಬಾದಿನ ಬಾಡಿಗೆ ಕೋಣೆಯಲ್ಲಿ. ಜೀಪಿನ ಧೂಳು, ನಡು ನೋವು, ಒಬ್ಬರೇ ಬೇಯಿಸಿಕೊಂಡು ತಿನ್ನುವ ಅನ್ನ ಎಲ್ಲ ಸಾಕುಬೇಕಾಗಿತ್ತು.

ಕೊನೆಗೊಮ್ಮೆ ಸಾಹೇಬರ ಮನಸ್ಸು ಕರಗಿತ್ತು. "ಈ ಸಲ ಕನ್ನಡ ಬಿ.ಎ. ತರಗತಿ ತುಂಬಿಸಿ ಕೊಡಿ. ಮರುದಿನವೇ ತಾಂಡೂರಿಗೆ ವರ್ಗ" ಎಂದಿದ್ದರು. ತರಗತಿ ತುಂಬಲು ಇನ್ನು ಒಬ್ಬರು ಬೇಕು. ಆ ದಿನ ಸಂಜೆ ಐದಕ್ಕೆ ಗಡುವು. ಉಳಿದಿದ್ದ ಒಂದೇ ಆಸೆ ಎಂದರೆ ನ್ಯಾಲ್ಕಲ್ ಹತ್ತಿರದ ಹಳ್ಳಿಯ ಮೊಗಲಪ್ಪನ ಮಗಳು ಸ್ವರೂಪಾ. ಹುಡುಗಿ ಇಂಟರ್ ಪಾಸಾಗಿ ವರ್ಷವಾಗಿತ್ತು. ಓದಲು ಅವಳು ತಯಾರು, ಓದಿಸಲು ಅಪ್ಪ ತಯಾರಿಲ್ಲ.

ಜೊತೆಗೆ ಹೊರಟವರು ಕಚೇರಿಯ ಹಿರಿಯ ಗುಮಾಸ್ತ ಶಂಕ್ರೆಪ್ಪ. ಬಿಳಿ ಧೋತರ, ಹಣೆತುಂಬ ವಿಭೂತಿ, ಹೆಗಲ ಮೇಲೆ ಶಲ್ಯ. ಯಾವ ಪಂಚಾಯ್ತಿಗೂ ಮುಂದೆ ಕೂಡಿಸಬಹುದಾದ ಆಳು.

"ಪೇಡೆ ಇಲ್ಲಂದ್ರ ಏನಾತ್ರೀ ಸರ? ಖಾಲಿ ಕೈಲೆ ಹೋಗೂದು ಬ್ಯಾಡ. ಸಕ್ಕರೀನರ ಒಯ್ಯಮು" ಎಂದು ಅವರು ಕಿರಾಣಿ ಅಂಗಡಿಗೆ ಇಳಿದರು.

"ಎಲ್ಲಿಗ್ರೀ ಸವಾರಿ?" ಎಂದ ಅಂಗಡಿಯವನು.

"ಹುಡುಗಿ ಮನಿಗಿ."

ಅಂಗಡಿಯವನು ನಕ್ಕು, ಸಕ್ಕರೆಯನ್ನು ಮಿಂಚುವ ಕೆಂಪು ಹಾಳೆಯಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ಎರಡು ಏಲಕ್ಕಿ ಸಿಕ್ಕಿಸಿ ಕೊಟ್ಟ. ಕ್ರಾಂತಿಕುಮಾರರು ಜೀಪಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು.

ಆ ಸೀಮೆಯಲ್ಲಿ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು, ಸಕ್ಕರೆ ಪೊಟ್ಟಣ ಹಿಡಿದು, ಮದುವೆಗೆ ಬಂದ ಹುಡುಗಿಯ ಮನೆ ಹೊಕ್ಕರೆ ಅದು ಸಕ್ಕರಿಪುಡಾ. ಗಂಡಿನ ಕಡೆಯಿಂದ ಮಾತು ಪಕ್ಕಾ ಎಂದರ್ಥ. ಪೊಟ್ಟಣ ಬಿಚ್ಚಿ ಊರವರ ಬಾಯಿಗೆ ಹಾಕಿದ ಮೇಲೆ ಯಾರಪ್ಪ ಬಂದರೂ ಹಿಂದೆ ಸರಿಯುವಂತಿಲ್ಲ. ಇದು ಕ್ರಾಂತಿಕುಮಾರರಿಗೆ ಗೊತ್ತಿಲ್ಲದ್ದೇನಲ್ಲ. ನಿದ್ದೆಗಣ್ಣಲ್ಲಿ ಕೆಂಪು ಪೊಟ್ಟಣವನ್ನು ಅವರು ಸರಿಯಾಗಿ ನೋಡಲೇ ಇಲ್ಲ. ಬಾಗಿಲಿಗೆ ಬಂದ ಸ್ವರೂಪಾಳ ಕೈಗೆ ಅದನ್ನಿತ್ತು ಒಳಗೆ ಹೋದರು.

ಮೊಗಲಪ್ಪ ಅವರನ್ನು ಕಂಡೊಡನೆ ಮುಖ ಗಂಟಿಕ್ಕಿದ.

"ಮತ್ತ ಬಂದ್ರೇನ್ರೀ ಸರ? ಹ್ವಾದ ವರ್ಷಾನೇ ಹೇಳೀನಲ್ಲ. ಪೋರಿ ಹದಿನಾರಾಣೆ ಓದಿದ್ರ ಪೋರ ಇಪ್ಪತ್ತಾಣೆ ಓದಿರಬೇಕು. ಅಂಥಾವ್ನ ನಾ ಎಲ್ಲಿಂದ ಹಿಡಕೊಂಡು ಬರ್ಲಿ?"

ಕ್ರಾಂತಿಕುಮಾರರು ತಮ್ಮ ಹಳೆಯ ಭಾಷಣ ಶುರು ಮಾಡಿದರು. ಹೆಣ್ಣು ಕಲಿತರೆ ಮನೆ ಬೆಳಗುತ್ತದೆ ಎಂಬಲ್ಲಿಗೆ ಬರುವಷ್ಟರಲ್ಲಿ ಯಾರೋ ಚಾಪೆ ಹಾಸಿದರು. ಬಸ್ ಪಾಸಿನ ವಿಷಯಕ್ಕೆ ಬಂದಾಗ ಓಣಿಯ ಹೆಂಗಸರೆಲ್ಲ ಒಳಗೆ ತುಂಬಿದ್ದರು. ಒಲೆಯ ಮೇಲೆ ಉಪ್ಪಿಟ್ಟಿನ ವಾಸನೆ ಎದ್ದಿತು. ಇಷ್ಟು ಜನ ತಮ್ಮ ಭಾಷಣ ಕೇಳಲು ಬಂದದ್ದು ಇದೇ ಮೊದಲೆಂದು ಅವರಿಗೆ ಪಾಪ, ಖುಷಿಯೇ ಆಯಿತು.

ಅಷ್ಟರಲ್ಲಿ ನೆರೆಮನೆಯ ಪೀರಮ್ಮ ಬಿಚ್ಚಿದ ಕೆಂಪು ಪೊಟ್ಟಣ ಹಿಡಿದು ನುಗ್ಗಿಬಂದಳು. ಓಣಿಗೆಲ್ಲ ಹಂಚಿ ಆಗಿತ್ತು. "ಬಾಯಿ ತಗೀ ಮೊಗಲಪ್ಪ!" ಎಂದು ಅವನ ಬಾಯಿಗೊಂದು ಹಿಡಿ ಸುರಿದಳು. "ಗಂಡಿನ ಕಡಿಯವ್ರು ಸಕ್ಕರಿಪುಡಾ ತಂದಾರ, ನೀ ಅವ್ರ ಕೂಡ ಓದಿನ ಜಗಳ ತಗದೀಯಲ್ಲೋ, ಖಬರ್ ಅದ ಏನ್ ನಿನಗ?"

ಬಾಯ್ತುಂಬ ಸಕ್ಕರೆಯಿದ್ದ ಮೊಗಲಪ್ಪನ ಮುಖದ ಗಂಟು ತಾನಾಗಿ ಬಿಚ್ಚಿಕೊಂಡಿತು. ಹೆಗಲ ಟವೆಲ್ಲಿನಿಂದ ಹೊರಸು ಒರೆಸಿ ಕ್ರಾಂತಿಕುಮಾರರನ್ನು ಕೂರಿಸಿದ.

"ತಪ್ಪಾತ್ರೀ ಬೀಗರ! ಮೊದಲೇ ಹೇಳಬಾರದೇನ್ರೀ? ಹುಡುಗ ನಿಮ್ಮ ಮಗಾನೇನ್ರೀ?"

ಕ್ರಾಂತಿಕುಮಾರರು ಗಾಬರಿಯಾಗಿ ಇಲ್ಲ ಎನ್ನಲು ಬಾಯಿ ತೆರೆದರು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಸ್ವರೂಪಾ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಶಂಕ್ರೆಪ್ಪ ಪಕ್ಕೆಗೆ ತಿವಿದು, "ಹೂಂ ಅನ್ರೀ ಸರ, ತಾಂಡೂರು ಅಲ್ಲೇ ಕಾಣಾಕತ್ತದ" ಎಂದು ಪಿಸುಗುಟ್ಟಿದರು.

ನೌಕರಿಗೆ ಸೇರಿದಾಗಿನಿಂದ ಒಂದು ಸುಳ್ಳು ಅಂಕವನ್ನೂ ಒಪ್ಪದ ಮನುಷ್ಯ ಅವತ್ತು "ಹೂಂ" ಎಂದರು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಆಸರೆ ಬೇಕಲ್ಲ, ಮುಂದಿನದು ಸಲೀಸಾಗಿ ಬಂತು. "ಆದರ ನಮ್ಮ ಹುಡುಗ ಡಿಗ್ರಿ ಆದಾಕೀನ ಬೇಕು ಅಂತ ಹಟ ಹಿಡದಾನ. ಎಷ್ಟು ದಿನಾದ್ರೂ ತಡೀತಾನ. ಇವತ್ತೇ ಹೆಸರು ಹಚ್ಚಬೇಕು."

"ಗಂಡಿನ ಕಡಿಯವ್ರು ಅಂದಮ್ಯಾಲ ಮುಗೀತಲ್ರೀ" ಎಂದ ಮೊಗಲಪ್ಪ. "ಏಳವ್ವಾ ಸ್ವರೂಪಾ, ಹೊಂಡು. ನಾನೂ ಬರ್ತೀನಿ ಸಹಿ ಮಾಡಾಕ."

ಕ್ರಾಂತಿಕುಮಾರರಿಗೆ ಒಂದು ಗಳಿಗೆ ಬಹಳ ಬೇಜಾರಾಯಿತು. ಇಷ್ಟು ವರ್ಷ ಗಂಟಲು ಹರಿದುಕೊಂಡು ಹೇಳಿದ್ದೆಲ್ಲ ದಂಡ. ಇಲ್ಲದ ಮಗನ ಒಂದು ಹಟಕ್ಕೆ ಇದ್ದ ಬೆಲೆ ಅವರ ಮಾತಿಗೆ ಇರಲಿಲ್ಲ.

ಬೀಗರನ್ನು ಉಣ್ಣಿಸದೆ ಬಿಡುವುದುಂಟೇ? ಉಪ್ಪಿಟ್ಟು, ಮೇಲೆ ಶಾವಿಗೆ ಪಾಯಸ. ಶಂಕ್ರೆಪ್ಪನವರು ಎರಡನೆಯ ಸಲವೂ ಬೇಡ ಎನ್ನಲಿಲ್ಲ. ಹೊರಡುವಾಗ ಪೀರಮ್ಮ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ಹೊಡೆದಳು. "ಯಾಲಾಲಕ್ಕ ಕೊಟ್ಟ ನನ್ನ ಮಗಳಿಗಿ ಕಳಸ್ತೀನ್ರೀ, ಆಕಿಗಿ ಇಂಥಾ ಸುದ್ದಿ ಭಾಳ ಸೇರ್ತದ" ಎಂದು, ಉಳಿದ ಸಕ್ಕರೆಯನ್ನು ಕ್ರಾಂತಿಕುಮಾರರ ಅಂಗಿಯ ಜೇಬಿಗೆ ತುರುಕಿದಳು.

ದಾರಿಯಲ್ಲಿ ಮೊಗಲಪ್ಪ ಡ್ರೈವರನ ಪಕ್ಕ ಕುಳಿತು ಅವನಿಗೆ ಮದುವೆಯ ಅಡುಗೆಯ ಲೆಕ್ಕ ಹೇಳುತ್ತಿದ್ದ. ಹಿಂದೆ ಕುಳಿತ ಸ್ವರೂಪಾ ದನಿ ತಗ್ಗಿಸಿದಳು.

"ಸರ, ಪೀರಮ್ಮಾಯಿದು ತಪ್ಪಿಲ್ರೀ. ಪುಡಾ ನೋಡಿದ ಕೂಡ್ಲೆ ಆಕಿ ಕಿವ್ಯಾಗ ಹೇಳಿದಾಕಿ ನಾನೇ. ಹ್ವಾದ ವರ್ಷ ನೀವು ಪೇಡೆ ತಂದ್ರಿ, ಏನೂ ಆಗ್ಲಿಲ್ಲ."

ಕ್ರಾಂತಿಕುಮಾರರು ಅವಳನ್ನೇ ನೋಡಿದರು. "ಡಿಗ್ರಿ ಆದಮ್ಯಾಲ ಏನ್ ಮಾಡ್ತಿ ಯವ್ವಾ? ಹುಡುಗ ಎಲ್ಲಿ ಅಂತಾರ."

"ಹುಡುಗ ನನಗ ಪಸಂದ್ ಇಲ್ಲ ಅಂತೀನ್ರೀ. ಡಿಗ್ರಿ ಆದಾಕಿ ಮಾತು ಆಗರ ಕೇಳ್ಬೇಕಲ್ರೀ ಅಪ್ಪ."

ಬೇಜಾರೆಲ್ಲ ಇಳಿದುಹೋಯಿತು. ಇಂಥವಳನ್ನು ಒಳಗೆ ತರಲು ಸುಳ್ಳು ಹೇಳಿದ್ದು ದೊಡ್ಡ ಪಾಪವಲ್ಲ ಅನ್ನಿಸಿತು. ಕಚೇರಿಯ ಬೀಗ ಹಾಕುತ್ತಿದ್ದವನನ್ನು ತಡೆದು ಹೆಸರು ಹಚ್ಚಿಸಿದರು. ಸ್ವಲ್ಪ ಹೊತ್ತಿಗೆ ಸಾಹೇಬರ ಫೋನು: "ಮಾತಿಗೆ ತಪ್ಪಲಿಲ್ಲ ನೋಡಿ. ನಾಳೆಯಿಂದ ತಾಂಡೂರು." ಕ್ರಾಂತಿಕುಮಾರರು ಕೋಣೆಗೆ ಓಡಿ, ಸಿಕ್ಕ ಬಟ್ಟೆ ಚೀಲಕ್ಕೆ ತುರುಕಿ ತಾಂಡೂರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹೆಂಡತಿಯ ಕೈಯ ಬಿಸಿ ರೊಟ್ಟಿಯದೇ ಧ್ಯಾನ.

ರಾತ್ರಿ ಊಟದ ಹೊತ್ತಿಗೆ ಮನೆ ಮುಟ್ಟಿದರೆ ಬಾಗಿಲು ಒಳಗಿನಿಂದ ಭದ್ರವಾಗಿತ್ತು. ಓಣಿಯ ಜನ ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದರು. ಯಶೋಧಾ ಕಿಟಕಿಯಲ್ಲಿ ಕಾಣಿಸಿಕೊಂಡಳು.

"ಏನ್ರೀ, ಸಕ್ಕರಿಪುಡಾ ಛಂದ ಆತಂತಲ್ಲ?"

"ನಿನಗ ಯಾರ್ ಹೇಳಿದ್ರು?"

"ಯಾಲಾಲದಿಂದ ಕಾಯಿಪಲ್ಯ ತರ್ತಾಳಲ್ಲ, ಆಕಿ. ಅವರವ್ವ ಕಳಿಸಿದ ಫೋಟೋ ಇಡೀ ಬಜಾರಕ್ಕ ತೋರ್ಸ್ಯಾಳ. ಊರಿಗೆಲ್ಲ ಸಕ್ಕರಿ ಹಂಚೀರಿ, ನನಗ ಒಂದು ಚಮಚಾನೂ ಬರ್ಲಿಲ್ಲ."

"ಅದು ಪೋರಿ ಓದ್ಲಿ ಅಂತ..."

"ಓದ್ಲಿ, ಛಲೋ ಆತು. ಒಂದು ಮಾತು ಅಷ್ಟೇ ಹೇಳ್ರಿ." ಅವಳು ಕಿಟಕಿಯ ಕದಕ್ಕೆ ಕೈ ಹಚ್ಚಿದಳು. "ನಾ ಹಡದದ್ದು ಎರಡು ಹೆಣ್ಣು. ಮದಿವಿಗಿ ಬಂದ ಈ ಗಂಡು ಮಗ ಯಾರ ಹೊಟ್ಟ್ಯಾಗ ಹುಟ್ಯಾನ? ವರ್ಷಗಟ್ಲೆ ಜಹೀರಾಬಾದ್ ಬಿಟ್ಟು ಬರ್ಲಿಲ್ಲಲ್ಲ, ಇದಕ್ಕೇನು?"

ಕಿಟಕಿಯೂ ಮುಚ್ಚಿತು. ಕಟ್ಟೆಯ ಮೇಲಿದ್ದ ಹಣಮಂತರಾಯ, "ಸರ, ಹುಡುಗ ಏನ್ ಓದ್ಯಾನ್ರೀ?" ಎಂದು ವಿನಯದಿಂದ ವಿಚಾರಿಸಿದ.

ಕದ ಬಡಿದು, ಕೂಗಿ, ಆಣೆ ಇಟ್ಟು ಸೋತ ಮೇಲೆ ಕ್ರಾಂತಿಕುಮಾರರು ಸಾಹೇಬರಿಗೆ ಫೋನ್ ಮಾಡಿದರು. "ಸರ್, ತಾಂಡೂರಿನ ವರ್ಗ ಸ್ವಲ್ಪ ದಿನ ತಡೆಹಿಡಿಯಲು ಆಗುತ್ತದೆಯೇ?"

ಸಾಹೇಬರು ಹಿಗ್ಗಿಹೋದರು. "ನನಗೆ ಗೊತ್ತಿತ್ತು ಕ್ರಾಂತಿಕುಮಾರ್! ಬಡವರ ಮಕ್ಕಳಿಗೆ ಬಾಗಿಲು ತೆರೆಯುವವರಿಗೆ ಮನೆಯ ಹಂಬಲ ಎಲ್ಲಿಂದ ಬರಬೇಕು? ನಾರಾಯಣಖೇಡದಲ್ಲಿ ಇಡೀ ತರಗತಿಯೇ ಖಾಲಿ ಇದೆ. ಅಲ್ಲಿಗೆ ಗಡುವು ಮುಂದೂಡಿಸುತ್ತೇನೆ. ಬೆಳಿಗ್ಗೆಯೇ ಹೊರಡಿ."

ಕ್ರಾಂತಿಕುಮಾರರು ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಟಿಕೆಟ್ಟಿಗೆ ಚಿಲ್ಲರೆ ತೆಗೆಯಲು ಜೇಬಿಗೆ ಕೈ ಹಾಕಿದರೆ ಪೀರಮ್ಮ ತುರುಕಿದ್ದ ಸಕ್ಕರೆ ಸಿಕ್ಕಿತು. ಅದಕ್ಕೆ ಆಗಲೇ ಇರುವೆಗಳು ಮುತ್ತಿದ್ದವು.